ನಡೆಯುವವರು ಯಾರು, ಹಾಲು ಕರೆಯುವವರು ಯಾರು?

ರಾಗಿ ಒಕ್ಕಣೆ ಮುಗಿದು ಹುಲ್ಲು ಬಣವೆ ಸೇರಿತು ಎಂದರೆ ಸಿಂಗಟಗೆರೆ ಸುತ್ತಿನ ಊರುಗಳಲ್ಲಿ ಶಿವರಾತ್ರಿಯ ಮಾತು ಶುರುವಾಗುತ್ತದೆ. ಈ ಸಲ ಧರ್ಮಸ್ಥಳಕ್ಕೆ ಯಾರ್ಯಾರು ನಡೆಯುತ್ತಾರೆ, ಯಾವತ್ತು ಹೊರಡುವುದು, ಸಾಮಾನು ಹೊರುವ ಗಾಡಿ ಯಾರದು, ರಾತ್ರಿ ತಂಗುವುದು ಎಲ್ಲಿ ಎಂಬುದೆಲ್ಲ ಅರಳಿಕಟ್ಟೆಯ ಮೇಲೆ, ಹೋಟೆಲಿನ ಬೆಂಚಿನ ಮೇಲೆ ತೀರ್ಮಾನವಾಗುತ್ತದೆ. ಕಾಲಿಗೆ ತಯಾರಿ ಯಾವಾಗ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆ ತಯಾರಿಗೆ ಬೇಕಾದ ಹೊತ್ತು ಮನೆಯೊಳಗೆ ಯಾರ ಪಾಲಿನಿಂದ ಬರಬೇಕು ಎಂದಂತೂ ಕೇಳುವುದೇ ಇಲ್ಲ. ಪಾದಯಾತ್ರೆಯ ಬಗ್ಗೆ ಬರೆಯುವವರು ಭಕ್ತಿಯನ್ನು ಬರೆಯುತ್ತಾರೆ, ದಾರಿಯ ಕಷ್ಟವನ್ನು ಬರೆಯುತ್ತಾರೆ. ನಾನು ಬರೆಯಬೇಕೆಂದಿರುವುದು ಹೊರಡುವ ಮುಂಚಿನ ಮೂರು ತಿಂಗಳ ಬಗ್ಗೆ. ಗೆಲುವೂ ಸೋಲೂ ಅಲ್ಲೇ ನಿರ್ಧಾರವಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಹಾದಿ ಸಣ್ಣದಲ್ಲ. ಸಿಂಗಟಗೆರೆಯಿಂದ ಕಡೂರಿಗೆ ಬಂದು, ಸಖರಾಯಪಟ್ಟಣದ ಮೇಲೆ ಚಿಕ್ಕಮಗಳೂರು ಮುಟ್ಟಿ, ಅಲ್ಲಿಂದ ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ, ಆಮೇಲೆ ಚಾರ್ಮಾಡಿ ಘಾಟಿ ಇಳಿದು ಕಕ್ಕಿಂಜೆ, ಮುಂಡಾಜೆ, ಉಜಿರೆ ದಾಟಿದರೆ ಧರ್ಮಸ್ಥಳ. ಎಲ್ಲ ಸೇರಿ ನೂರೈವತ್ತು ಕಿಲೋಮೀಟರಿಗೂ ಮೇಲೆ. ಒಂದು ಕಿಲೋಮೀಟರಿಗೆ ಸುಮಾರು 1,350 ಹೆಜ್ಜೆ ಎಂದು ಹಿಡಿದರೆ ಎರಡು ಲಕ್ಷ ಹೆಜ್ಜೆ ಆಯಿತು. ಹಾದಿಯ ಗುಣವೂ ಒಂದೇ ಸಮ ಇರುವುದಿಲ್ಲ. ತೆಂಗು, ರಾಗಿ, ಈರುಳ್ಳಿಯ ಒಣ ಬಯಲಿನಲ್ಲಿ ಹೊರಟವರು ಕಾಫಿ ತೋಟದ ನೆರಳಿಗೆ ಬರುತ್ತಾರೆ, ಕೊಟ್ಟಿಗೆಹಾರದ ಚಳಿಗಾಳಿಗೆ ತಲೆಗೆ ಟವೆಲ್ ಸುತ್ತುತ್ತಾರೆ, ಘಾಟಿ ಇಳಿದ ಕೂಡಲೇ ದಕ್ಷಿಣ ಕನ್ನಡದ ಸೆಖೆಯಲ್ಲಿ ಅಂಗಿ ಮೈಗೆ ಅಂಟುತ್ತದೆ. ಐದಾರು ದಿನದಲ್ಲಿ ಮೂರು ಬಗೆಯ ಹವೆ.

ಈ ಹಾದಿಯಲ್ಲಿ ದಾನ ನಡೆಯುವ ರೀತಿ ನನಗೆ ಬಹಳ ಇಷ್ಟ. ಪರದೇಶಗಳಲ್ಲಿ ಹುಟ್ಟಿ ನಮ್ಮ ಮಹಾನಗರಗಳಿಗೂ ಬಂದಿರುವ ನಿಧಿಸಂಗ್ರಹದ ನಡಿಗೆಗಳಲ್ಲಿ, ನಡೆಯುವವರು ಪರಿಚಯದವರ ಬಳಿ ಹಣ ಕೇಳಿ ಒಂದು ಸಂಸ್ಥೆಗೆ ಒಪ್ಪಿಸುತ್ತಾರೆ. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿದ್ದ ಗೂರ್ಖಾ ಸೈನಿಕರ ಕವಾಯತಾಗಿ ಶುರುವಾಗಿ, 1986ರಿಂದ ಆಕ್ಸ್‌ಫಾಮ್ ಸಂಸ್ಥೆಯ ಜೊತೆ ಸಾರ್ವಜನಿಕರಿಗೂ ತೆರೆದುಕೊಂಡ ಟ್ರೇಲ್‌ವಾಕರ್ ಅಂಥದ್ದು. ನಾಲ್ಕು ಜನರ ತಂಡ, ನೂರು ಕಿಲೋಮೀಟರ್, ನಲವತ್ತೆಂಟು ಗಂಟೆ. 2012ರಲ್ಲಿ ಅದು ಬೆಂಗಳೂರಿಗೂ ಬಂತು. ನಮ್ಮ ಶಿವರಾತ್ರಿ ನಡಿಗೆಯಲ್ಲಿ ದಾನ ಎದುರುಗಡೆಯಿಂದ ಬರುತ್ತದೆ. ರಸ್ತೆ ಬದಿ ಶಾಮಿಯಾನ ಹಾಕಿ ಮಜ್ಜಿಗೆ, ಪಾನಕ, ಕಲ್ಲಂಗಡಿ, ಬಿಸಿ ಅನ್ನ ಸಾರು ಕೊಡುತ್ತಾರೆ. ಕಾಲಿಗೆ ಎಣ್ಣೆ ತಿಕ್ಕಲು ಹುಡುಗರು ಕೂತಿರುತ್ತಾರೆ. ಮಾತ್ರೆ, ಮುಲಾಮು ಹಿಡಿದು ಕಾಯುವವರು ಇರುತ್ತಾರೆ. ನಡೆಯುವವರ ಹೆಸರು ಯಾವುದು, ಜಾತಿ ಯಾವುದು ಎಂದು ಕೇಳದೆ ಬಡಿಸುವ ಈ ಕೈಗಳನ್ನು ನೆನೆದರೇ ಮನಸ್ಸು ತುಂಬುತ್ತದೆ. ಆದರೆ ಅಷ್ಟು ಜನ ನಮಗಾಗಿ ನಿದ್ದೆಗೆಟ್ಟು ನಿಂತಿರುವಾಗ, ನಾವು ಮೂರನೇ ದಿನಕ್ಕೇ ಕಾಲು ಎಳೆಯುತ್ತಾ ಅವರ ವೈದ್ಯಕೀಯ ಶಿಬಿರದ ಮಂಚ ಹಿಡಿಯುವುದು ಎಷ್ಟು ಸರಿ? ಚೆನ್ನಾಗಿ ತಯಾರಾಗಿ ಹೋಗುವುದು ಅವರಿಗೆ ನಾವು ಸಲ್ಲಿಸಬೇಕಾದ ಮರ್ಯಾದೆ.

ತಯಾರಿ ಎಂದ ಕೂಡಲೇ ನಮ್ಮ ಕಡೆ ಬರುವ ಉತ್ತರ ಒಂದೇ: “ದಿನಾ ಹೊಲ್ದಲ್ಲಿ ತಿರುಗ್ತೀವಿ, ನಮಗೆಂಥ ಪ್ರಾಕ್ಟೀಸು?” ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಹೊಲದ ಕೆಲಸ ಮಾಡುವವರ ಎದೆ, ಸೊಂಟ, ತೋಳು ಗಟ್ಟಿ. ಪೇಟೆಯಲ್ಲಿ ಕುರ್ಚಿ ಮೇಲೆ ಕೂತು ದುಡಿಯುವವರಿಗಿಂತ ಅವರ ದಮ್ಮು ಎಷ್ಟೋ ಮೇಲು. ಆದರೆ ಹೊಲದಲ್ಲಿ ಕಾಲು ಒಂದೇ ಥರ ಬೀಳುವುದಿಲ್ಲ. ಬಗ್ಗುತ್ತೇವೆ, ಕೂರುತ್ತೇವೆ, ನಿಲ್ಲುತ್ತೇವೆ, ಬದುವಿನ ಮೇಲೆ ಹತ್ತು ಹೆಜ್ಜೆ ಇಟ್ಟು ಮತ್ತೆ ನಿಲ್ಲುತ್ತೇವೆ. ಕೆಳಗಿರುವುದು ಮೆತ್ತನೆ ಮಣ್ಣು. ಡಾಂಬರು ರಸ್ತೆಯಲ್ಲಿ ಹಾಗಲ್ಲ. ಒಂದೇ ಅಳತೆಯ ಹೆಜ್ಜೆ, ಒಂದೇ ಜಾಗದ ಮೇಲೆ ಭಾರ, ಗಂಟೆಗೆ ಆರು ಸಾವಿರ ಸಲ. ಹಿಮ್ಮಡಿಯ ಅದೇ ಮೂಲೆ, ಹೆಬ್ಬೆರಳ ಬುಡದ ಅದೇ ಎಲುಬು, ಮೊಣಕಾಲಿನ ಅದೇ ಮಗ್ಗುಲು. ದೇಹಕ್ಕೆ ದುಡಿಮೆ ಗೊತ್ತಿದೆ, ಈ ಒಂದೇ ಸಮನೆ ಕುಟ್ಟುವಿಕೆ ಗೊತ್ತಿಲ್ಲ.

ಇದರ ಹಿಂದಿರುವ ಕಾರಣವನ್ನು ತಿಳಿದುಕೊಂಡರೆ ಮೂರು ತಿಂಗಳು ಯಾಕೆ ಬೇಕು ಎಂಬುದೂ ತಿಳಿಯುತ್ತದೆ. ನಡಿಗೆ ಶುರು ಮಾಡಿದ ಎರಡು-ಮೂರು ವಾರಕ್ಕೆ ಉಸಿರು ಹಗುರಾಗುತ್ತದೆ, ಮಾಂಸಖಂಡ ಬಲಗೊಳ್ಳುತ್ತದೆ. “ಆಯ್ತು, ಈಗ ಎಷ್ಟಾದರೂ ನಡೆಯಬಲ್ಲೆ” ಅನ್ನಿಸುವುದು ಆಗಲೇ. ಆದರೆ ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ನಾರುಗಳಿಗೂ ಎಲುಬಿಗೂ ದುರಸ್ತಿಯ ವೇಗ ನಿಧಾನ. ಅವು ಹೊಸ ಭಾರಕ್ಕೆ ಒಗ್ಗಲು ತಿಂಗಳುಗಳೇ ಬೇಕು. ದಮ್ಮು ಬಂತೆಂದು ಒಮ್ಮೆಲೇ ದೂರ ಹೆಚ್ಚಿಸಿದರೆ ಹಿಂದೆ ಉಳಿದ ಎಲುಬು, ನಾರು ಕೈಕೊಡುತ್ತವೆ. ಪಾದದ ಉದ್ದೆಲುಬಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡುವುದಕ್ಕೆ ವೈದ್ಯರು ಇವತ್ತಿಗೂ ಮಾರ್ಚ್ ಫ್ರ್ಯಾಕ್ಚರ್ ಎನ್ನುತ್ತಾರೆ. ಪ್ರಷ್ಯಾ ದೇಶದ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ, ಉದ್ದುದ್ದ ನಡೆಸಲ್ಪಟ್ಟ ಹೊಸ ಸೈನಿಕರ ಊದಿದ ಪಾದಗಳನ್ನು ನೋಡಿ ಇದನ್ನು ವರ್ಣಿಸಿದ. ಗಟ್ಟಿಮುಟ್ಟಾದ ಹುಡುಗರೇ ಅವರು. ಶಕ್ತಿ ಕಡಿಮೆಯಿದ್ದು ಆದದ್ದಲ್ಲ, ಅವಸರದಿಂದ ಆದದ್ದು.

ನಮ್ಮ ರೈತರಿಗೆ ಈ ತತ್ವ ಹೊಸದಲ್ಲ. ಅಜ್ಜಂಪುರದ ಅಮೃತಮಹಲ್ ಹೋರಿಯಾದರೂ ಸರಿ, ನೊಗ ಹೊರಿಸಿದ ದಿನವೇ ತುಂಬಿದ ಗಾಡಿಗೆ ಹೂಡುವುದಿಲ್ಲ. ಮೊದಲು ಬರೀ ಕೊರಡು ಎಳೆಸುತ್ತಾರೆ, ಆಮೇಲೆ ಖಾಲಿ ಗಾಡಿ, ಆಮೇಲೆ ಅರ್ಧ ಹೇರು. ಹೋರಿಗೆ ತೋರಿಸುವ ತಾಳ್ಮೆಯನ್ನು ನಮ್ಮ ಕಾಲಿಗೂ ತೋರಿಸಬೇಕು.

ಹಾಗಾದರೆ ಲೆಕ್ಕ ಹೇಗೆ? 2027ರಲ್ಲಿ ಶಿವರಾತ್ರಿ ಮಾರ್ಚ್ 6ಕ್ಕೆ ಬೀಳುತ್ತದೆ. ಅದರಿಂದ ಹನ್ನೆರಡು ವಾರ ಹಿಂದಕ್ಕೆ ಎಣಿಸಿದರೆ ಡಿಸೆಂಬರ್ ಎರಡನೇ ವಾರ, ಅಂದರೆ ರಾಗಿ ಕಣದಲ್ಲಿರುವ ಕಾಲ. ಆಗ ವಾರಕ್ಕೆ ನಾಲ್ಕು ದಿನ ಅರ್ಧರ್ಧ ಗಂಟೆ ಬಿರುಸಿನ ನಡಿಗೆ ಸಾಕು, ಜೊತೆಗೆ ಒಂದು ದಿನ ಐದಾರು ಕಿಲೋಮೀಟರ್. ಆ ಒಂದು ದಿನದ ದೂರವನ್ನೇ ವಾರವಾರ ಒಂದೆರಡು ಕಿಲೋಮೀಟರ್ ಏರಿಸುತ್ತಾ ಹೋಗಬೇಕು. ನಾಲ್ಕನೇ ವಾರಕ್ಕೊಮ್ಮೆ ಇಳಿಸಿ ಮೈಗೆ ಬಿಡುವು ಕೊಡಬೇಕು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಹದಿನಾಲ್ಕು-ಹದಿನೈದು, ಫೆಬ್ರುವರಿ ನಡುವಿಗೆ ಇಪ್ಪತ್ತರ ಮೇಲೆ ಬಂದರೆ ಹೆದರಿಕೆ ಇಲ್ಲ. ಸಿಂಗಟಗೆರೆಯಿಂದ ಬೆಳಗಿನ ಜಾವ ಹೊರಟು ಕಡೂರಿಗೆ ನಡೆದು, ಅಲ್ಲಿ ಇಡ್ಲಿ ತಿಂದು ಬಸ್ಸಲ್ಲಿ ವಾಪಸ್ ಬರುವುದು ಆ ದೊಡ್ಡ ನಡಿಗೆಗೆ ಹೇಳಿ ಮಾಡಿಸಿದ ದಾರಿ. ಇನ್ನೊಂದು ಮಾತು: ಒಂದೇ ದಿನ ಬಹಳ ನಡೆಯುವುದಕ್ಕಿಂತ ಎರಡು ದಿನ ಬೆನ್ನುಬೆನ್ನಿಗೆ ನಡೆಯುವುದು ಹೆಚ್ಚು ಕಲಿಸುತ್ತದೆ. ಶನಿವಾರ ಹದಿನೈದು, ಭಾನುವಾರ ಹನ್ನೆರಡು. ನೊಂದ ಕಾಲನ್ನು ಮರುದಿನ ಮತ್ತೆ ರಸ್ತೆಗಿಳಿಸುವುದೇ ಪಾದಯಾತ್ರೆ, ಅದರ ಅಭ್ಯಾಸವೂ ಬೇಕು. ಹೊರಡುವ ಹತ್ತು ದಿನ ಮುಂಚೆ ದೂರವನ್ನು ಅರ್ಧಕ್ಕಿಳಿಸಬೇಕು.

ಈಗ ಘಾಟಿಯ ವಿಚಾರ. ಕಡೂರು ಕಡೆಯವರಿಗೆ ನಾನು ಒತ್ತಿ ಹೇಳಬೇಕಾದದ್ದು ಇದೇ. ಘಾಟಿ ಅಂದರೆ ಎಲ್ಲರಿಗೂ ಹತ್ತುವ ಭಯ. ನಮ್ಮ ದಿಕ್ಕಿನಿಂದ ಹೋಗುವವರಿಗೆ ಚಾರ್ಮಾಡಿ ಇಳಿಜಾರು, ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಇಳಿಯುವುದು ಸಲೀಸು ಎಂದು ಹುಡುಗರು ಅಲ್ಲೇ ಜೋರು ಕಟ್ಟುತ್ತಾರೆ, ಓಡುವವರೂ ಉಂಟು. ಹತ್ತುವಾಗ ತೊಡೆಯ ಮುಂಭಾಗದ ಮಾಂಸಖಂಡ ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಖಂಡ ಹಿಗ್ಗುತ್ತಾ ಬ್ರೇಕು ಹಿಡಿಯಬೇಕು. ಹಿಗ್ಗುತ್ತಾ ಹಿಡಿಯುವ ಕೆಲಸದಲ್ಲಿ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳಾಗುತ್ತವೆ. ನೋವು ತಕ್ಷಣ ಗೊತ್ತಾಗುವುದಿಲ್ಲ. ಒಂದರಿಂದ ಮೂರು ದಿನದೊಳಗೆ ತುದಿ ಮುಟ್ಟುತ್ತದೆ. ಘಾಟಿ ಇಳಿದ ಸಂಜೆ ನಗುನಗುತ್ತಾ ಊಟ ಮಾಡಿದವರು ಮಾರನೆಯ ಬೆಳಗ್ಗೆ ಉಜಿರೆ ದಾರಿಯಲ್ಲಿ ಮೆಟ್ಟಿಲು ಇಳಿಯಲಾಗದೆ ಗೋಡೆ ಹಿಡಿಯುವುದು ಇದಕ್ಕೇ.

ದೇಹ ಈ ವಿಷಯದಲ್ಲಿ ಒಂದು ಉಪಕಾರ ಇಟ್ಟುಕೊಂಡಿದೆ. ಒಂದೆರಡು ಸಲ ಇಳಿಜಾರಿನಲ್ಲಿ ಮಿತವಾಗಿ ನಡೆದು ನೋವು ತಿಂದ ಖಂಡ, ಮುಂದಿನ ಕೆಲವು ವಾರ ಅಂಥದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಆದ್ದರಿಂದ ಶಿವರಾತ್ರಿಗೆ ಮುಂಚೆ ಮೂರ್ನಾಲ್ಕು ಸಲವಾದರೂ ಕಾಲಿಗೆ ಇಳಿಜಾರಿನ ಪರಿಚಯ ಮಾಡಿಸಲೇಬೇಕು. ತರೀಕೆರೆಯವರಿಗೆ ಇದು ಕಷ್ಟವಲ್ಲ. ಲಿಂಗದಹಳ್ಳಿ ದಾಟಿದರೆ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಯ ರಸ್ತೆ ಇದೆ. ದೀಪಾವಳಿಗೆ ಮಲ್ಲೇನಹಳ್ಳಿ ಬಳಿಯ ದೇವೀರಮ್ಮನ ಬೆಟ್ಟ ಹತ್ತಿಳಿದು ಬಂದವರಿಗೂ ಕಾಲಿನ ನೆನಪು ಸ್ವಲ್ಪ ಇರುತ್ತದೆ, ಶಿವರಾತ್ರಿಯ ತನಕ ಅದು ಉಳಿಯುವುದಿಲ್ಲ ಅಷ್ಟೇ. ಸಿಂಗಟಗೆರೆ, ಪಂಚನಹಳ್ಳಿ, ಯಗಟಿಯ ಬಯಲಿನವರು ಏನು ಮಾಡಬೇಕು? ಕೆರೆ ಏರಿ ಹತ್ತಿ ಇಳಿಯಬಹುದು. ಊರ ಹತ್ತಿರದ ಗುಡ್ಡದ ಕಾಲುದಾರಿ ಸಾಕು. ಅದೂ ಇಲ್ಲದಿದ್ದರೆ ಶಾಲೆಯದೋ ಸಮುದಾಯ ಭವನದ್ದೋ ಮೆಟ್ಟಿಲನ್ನು ನಿಧಾನವಾಗಿ ಇಳಿದು, ಮತ್ತೆ ಹತ್ತಿ, ಮತ್ತೆ ಇಳಿಯುವುದು. ಕಾಲು ಗಂಟೆ ಮಾಡಿದರೆ ಮರುದಿನ ತೊಡೆಯೇ ಸಾಕ್ಷಿ ಹೇಳುತ್ತದೆ. ಘಾಟಿಯಲ್ಲಿ ಹೆಜ್ಜೆ ಗಿಡ್ಡವಿರಲಿ, ಮೊಣಕಾಲು ಚೂರು ಬಾಗಿರಲಿ, ಒಂದು ಕೋಲು ಕೈಯಲ್ಲಿರಲಿ.

ಇಷ್ಟೆಲ್ಲ ಓದಿ “ಸರಿ, ಆದರೆ ಹೊತ್ತೆಲ್ಲಿದೆ?” ಎಂದು ಕೇಳುವವರು ಕೇಳಲೇಬೇಕು. ಈ ಕಡೆಯ ಒಂದು ಸಾಧಾರಣ ಮನೆಯ ದಿನವನ್ನೇ ತೆಗೆದುಕೊಳ್ಳಿ. ಬೆಳಗ್ಗೆ ಹಾಲು ಕರೆದು ಡೇರಿ ಮುಚ್ಚುವುದರೊಳಗೆ ಕ್ಯಾನು ಮುಟ್ಟಿಸಬೇಕು, ಸಂಜೆ ಮತ್ತೆ ಅದೇ. ನಮ್ಮ ಜಿಲ್ಲೆಯ ಹಾಲು ಹಾಸನ ಒಕ್ಕೂಟಕ್ಕೆ ಹೋಗುವುದು, ಗಾಡಿ ಯಾರಿಗೂ ಕಾಯುವುದಿಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದರೆ ತೋಟಕ್ಕೆ ನೀರು ಹಾಯಿಸುವವರು ನಡುರಾತ್ರಿ ಎದ್ದು ಹೋಗಬೇಕು. ಮಕ್ಕಳಿಗೆ ಬುತ್ತಿ, ಸ್ಕೂಲ್ ವ್ಯಾನು. ಮನೆಯಲ್ಲೊಬ್ಬರು ಅಂಗನವಾಡಿಗೋ, ಕಡೂರಿನ ಆಫೀಸಿಗೋ, ಬೀರೂರಿನ ಅಂಗಡಿಗೋ ಹೋಗುವವರಾದರೆ ಬಸ್ಸಿನ ಹೊತ್ತು ಬೇರೆ. ಜನವರಿ-ಫೆಬ್ರುವರಿ ಅಂದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಯಲ್ಲಿ ಎಲ್ಲರಿಗೂ ಪರೀಕ್ಷೆ. ಈ ದಿನದಲ್ಲಿ ವಾರಕ್ಕೆ ಐದಾರು ಗಂಟೆ ಹೊಸದಾಗಿ ಹುಟ್ಟುವುದಿಲ್ಲ. ಒಬ್ಬರು ನಡೆಯಲು ಹೋದರೆ ಆ ಹೊತ್ತಿನ ಕೆಲಸ ಇನ್ನೊಬ್ಬರ ಮೈಮೇಲೆ ಬಿದ್ದಿರುತ್ತದೆ.

ಬೀಳುವುದು ಯಾರ ಮೈಮೇಲೆ ಎಂಬುದಕ್ಕೆ ಅಂಕಿಗಳಿವೆ. ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ 2019ರಲ್ಲಿ ಇಡೀ ದೇಶದಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು, ಗಂಡಸರು 97 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ. ಅಂಥವರು ನಾಲ್ವರಲ್ಲಿ ಒಬ್ಬರ ಆಸುಪಾಸು ಮಾತ್ರ. 2024ರಲ್ಲಿ ಮತ್ತೆ ಅಳೆದಾಗ 289 ಮತ್ತು 88. ಎರಡು ಸಲವೂ ನಡುವಿನ ಅಂತರ ಇನ್ನೂರು ನಿಮಿಷದ ಸುತ್ತಮುತ್ತ. ಗಂಟೆಗೆ ನಾಲ್ಕೂವರೆ ಕಿಲೋಮೀಟರ್ ವೇಗದಲ್ಲಿ ಇನ್ನೂರು ನಿಮಿಷ ನಡೆದರೆ ಹದಿನೈದು ಕಿಲೋಮೀಟರ್. ಗಂಡಸು ನಡೆಯಲು ಮನಸ್ಸು ಮಾಡಿದರೆ ಆ ಹೊತ್ತು ಅವನಿಗೆ ಸಿಗುತ್ತದೆ, ಹೆಂಗಸಿಗೆ ಅದು ದಿನದಿನವೂ ಒಲೆ, ಕಸ, ಬಟ್ಟೆ, ಕೊಟ್ಟಿಗೆಗೆ ಹೋಗಿ ಮುಗಿದಿರುತ್ತದೆ.

ಅದಕ್ಕೇ ಪಾದಯಾತ್ರೆಯ ಗುಂಪಿನಲ್ಲಿ ಹೆಂಗಸರು ಹರಕೆ ಹೊತ್ತು ಹೊರಟಾಗ ಅವರಲ್ಲಿ ಬಹಳ ಮಂದಿ ಯಾವ ತಯಾರಿಯೂ ಇಲ್ಲದೆ ನೇರ ರಸ್ತೆಗಿಳಿಯುತ್ತಾರೆ. ಅವರಿಗೆ ಶ್ರದ್ಧೆ ಕಡಿಮೆ ಎಂದೋ ಆಲಸ್ಯ ಎಂದೋ ಅಲ್ಲ. ಮಗನ ಜ್ವರ ಇಳಿಯಲಿ, ಮಗಳಿಗೆ ಗಂಡು ಗೊತ್ತಾಗಲಿ ಎಂದು ಹೊತ್ತ ಹರಕೆಯನ್ನು ತೀರಿಸಲು ಅವರಿಗೆ ಆ ಐದಾರು ದಿನ ಬಿಟ್ಟುಕೊಡುವುದೇ ದೊಡ್ಡದು ಎಂದು ಮನೆಯವರು ಅಂದುಕೊಂಡಿರುತ್ತಾರೆ. ಹೊರಡುವ ಹಿಂದಿನ ರಾತ್ರಿಯೂ ಅವರು ಮನೆಯವರಿಗೆ ಚಟ್ನಿಪುಡಿ ಕುಟ್ಟಿಟ್ಟು, ರೊಟ್ಟಿ ಸುಟ್ಟಿಟ್ಟು, ಅರೆನಿದ್ದೆಯಲ್ಲಿ ಹೊರಡುತ್ತಾರೆ. ಇದು ಸರಿಯಲ್ಲ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಹರಕೆ ಮನೆಯವರೆಲ್ಲರ ಒಳಿತಿಗೆ ಹೊತ್ತದ್ದಾದರೆ, ಅದನ್ನು ತೀರಿಸುವ ಮೈಯನ್ನು ತಯಾರು ಮಾಡುವ ಕೆಲಸವೂ ಮನೆಯವರೆಲ್ಲರದು.

ಆದ್ದರಿಂದ ಶಿವರಾತ್ರಿ ನಡಿಗೆಯ ಮೊದಲ ಸಭೆ ಅರಳಿಕಟ್ಟೆಯಲ್ಲಿ ಆಗದೆ ಅಡುಗೆಮನೆಯಲ್ಲಿ ಆಗಬೇಕು. ಅತ್ತೆ, ಮಾವ, ಗಂಡ, ದೊಡ್ಡ ಮಕ್ಕಳು ಕೂತು ಮಾತಾಡಬೇಕು. ಯಾವ ಎರಡು ಬೆಳಗ್ಗೆ ಹಾಲು ಕರೆಯುವುದು ಗಂಡಸರ ಪಾಲು, ಯಾವ ಸಂಜೆ ಮಗನೇ ಅಕ್ಕಿ ತೊಳೆದಿಡಬೇಕು, ಭಾನುವಾರದ ದೊಡ್ಡ ನಡಿಗೆಯ ದಿನ ಮಧ್ಯಾಹ್ನದ ಊಟ ಯಾರ ಜವಾಬ್ದಾರಿ ಎಂಬುದು ಹೆಸರು ಹಿಡಿದು ನಿಗದಿಯಾಗಲಿ. “ನೋಡ್ಕೊಳಾಣ ಬಿಡು” ಎಂದು ಬಿಟ್ಟ ಕೆಲಸ ಕೊನೆಗೆ ನಡೆಯಬೇಕಾದ ಹೆಂಗಸಿನ ತಲೆಗೇ ಬರುತ್ತದೆ. ಎಮ್ಮೆ ಹೊಸ ಕೈಗೆ ಸೊರೆ ಬಿಡಲು ಕೆಲವು ದಿನ ಬೇಕು, ಅದಕ್ಕೂ ಮುಂಚಿನಿಂದಲೇ ಕೈ ಪಳಗಬೇಕು. ಇದರಲ್ಲಿ ಇನ್ನೊಂದು ಲಾಭವೂ ಇದೆ. ಮನೆಯಾಕೆ ಐದಾರು ದಿನ ಧರ್ಮಸ್ಥಳದ ಹಾದಿಯಲ್ಲಿರುವಾಗ ಮನೆ ಹೇಗೆ ನಡೆಯಬೇಕೋ ಅದರ ಅಭ್ಯಾಸ ಮನೆಯವರಿಗೂ ಆಗಿರುತ್ತದೆ. ಕಾಲಿನ ತಯಾರಿ, ಮನೆಯ ತಯಾರಿ ಎರಡೂ ಒಂದೇ ಹನ್ನೆರಡು ವಾರದಲ್ಲಿ ಆಗುತ್ತವೆ.

ವಾರದ ದಿನಗಳಲ್ಲಿ ಒಟ್ಟಿಗೆ ಅರ್ಧ ಗಂಟೆ ಸಿಗದವರು ಕೈಚೆಲ್ಲಬೇಕಾಗಿಲ್ಲ. ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ನಡೆದರೆ ಮಾತ್ರ ಲೆಕ್ಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಮೊದಲು ಹೇಳುತ್ತಿತ್ತು. 2020ರ ಮಾರ್ಗಸೂಚಿಯಲ್ಲಿ ಆ ಷರತ್ತನ್ನು ತೆಗೆದುಹಾಕಿದೆ. ಡೇರಿಗೆ ಬೈಕು ಬಿಟ್ಟು ನಡೆದು ಹೋಗುವುದು, ಬಸ್ಸಿನಿಂದ ಒಂದು ಸ್ಟಾಪ್ ಮುಂಚೆ ಇಳಿಯುವುದು, ಮಗುವನ್ನು ಶಾಲೆಗೆ ನಡೆಸಿಕೊಂಡೇ ಬಿಡುವುದು ಎಲ್ಲವೂ ಕೂಡುತ್ತದೆ. ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಎಂದು ಕೊರಗುವವರಿಗೂ ಒಂದು ಮಾತು: ಆ ಹತ್ತು ಸಾವಿರ ಯಾವ ವೈದ್ಯರ ಲೆಕ್ಕವೂ ಅಲ್ಲ, 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು. ಆದರೆ ವಾರಕ್ಕೊಮ್ಮೆಯ ಉದ್ದ ನಡಿಗೆಗೆ ಬದಲಿ ಇಲ್ಲ. ಬಿಡಿ ಹೆಜ್ಜೆಗಳು ಆರೋಗ್ಯ ಕೊಡುತ್ತವೆ. ನಾಲ್ಕನೇ ಗಂಟೆಯಲ್ಲಿ ಪಾದ ಹೇಗೆ ಊದುತ್ತದೆ, ಚಪ್ಪಲಿಯ ಯಾವ ಪಟ್ಟಿ ಕಚ್ಚುತ್ತದೆ, ಮನಸ್ಸು ಎಲ್ಲಿ ಸೋಲುತ್ತದೆ ಎಂಬುದನ್ನು ನಾಲ್ಕನೇ ಗಂಟೆಯೇ ಹೇಳಿಕೊಡಬೇಕು.

ದಿನಕ್ಕೆ ಎಷ್ಟು ದೂರ ಎಂಬ ವಿಷಯದಲ್ಲಿ ನಾವು ದೊಡ್ಡವರಿಂದ ಕಲಿಯಬಹುದು. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟ ಗಾಂಧೀಜಿ ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಎತ್ತಿದರು. ಸುಮಾರು 385 ಕಿಲೋಮೀಟರನ್ನು ನಡೆದದ್ದು 24 ದಿನಗಳಲ್ಲಿ, ಅಂದರೆ ದಿನಕ್ಕೆ ಸರಾಸರಿ ಹದಿನಾರು. ಸೋಮವಾರ ಅವರಿಗೆ ಮೌನದ ದಿನ, ನಡಿಗೆಗೂ ವಿರಾಮ. ಅರವತ್ತು ದಾಟಿದ ಗಾಂಧೀಜಿಯೂ ಹದಿಹರೆಯದ ಹುಡುಗರೂ ಒಂದೇ ಸಾಲಿನಲ್ಲಿ ಸಾಗಿದ್ದು ಆ ಮಿತದಿಂದ. ಆ ತಂಡದಲ್ಲಿ ನಡೆದ ಕನ್ನಡಿಗ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನಿಗೆ ಆಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಆಮೇಲೆ ಬಂದ ವಿನೋಬಾ ಭಾವೆ 1951ರ ಏಪ್ರಿಲ್‌ನಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ಮೊದಲ ಭೂದಾನ ಪಡೆದು ವರ್ಷಗಟ್ಟಲೆ ನಡೆದರು. 1957ರಲ್ಲಿ ನಮ್ಮ ರಾಜ್ಯಕ್ಕೂ ಬಂದರು, ಮೈಸೂರಿನ ಬಳಿಯ ಯಲವಾಲದಲ್ಲಿ ಆ ಸೆಪ್ಟೆಂಬರ್‌ನಲ್ಲಿ ಗ್ರಾಮದಾನದ ದೊಡ್ಡ ಪರಿಷತ್ತೇ ನಡೆಯಿತು. ಬೆಳಗಿನ ಜಾವ ಹೊರಟು, ಬಿಸಿಲೇರುವ ಮುಂಚೆ ಮುಂದಿನ ಊರು ಸೇರುವುದು ಅವರ ಕ್ರಮ. ಜಗತ್ತು ಕಂಡ ಬಲು ದೊಡ್ಡ ದಾನದ ನಡಿಗೆ ಅದು. ನಮ್ಮ ಹುಡುಗರು ಶಿವರಾತ್ರಿಗೆ ಮುಟ್ಟಲೇಬೇಕೆಂದು ತಡವಾಗಿ ಹೊರಟು ದಿನಕ್ಕೆ ನಲವತ್ತು-ಐವತ್ತು ಕಿಲೋಮೀಟರ್ ಹೊಡೆಯುವುದನ್ನು ಕಂಡಾಗ ಒಂದೆರಡು ದಿನ ಮುಂಚೆ ಹೊರಡಬಾರದೇ ಅನ್ನಿಸುತ್ತದೆ. ಹೊರಡಲಾಗದ್ದಕ್ಕೂ ಕಾರಣ ರಜೆ, ತೋಟ, ಹಾಲು. ಮತ್ತೆ ಅದೇ ಮನೆಯ ಲೆಕ್ಕಕ್ಕೆ ಬಂದೆವು.

ಪಾದದ ವಿಚಾರ ಬೇಗ ಹೇಳಿಬಿಡುತ್ತೇನೆ. ಬೊಬ್ಬೆ ಏಳುವುದು ಬರೀ ಉಜ್ಜಿದ್ದಕ್ಕಲ್ಲ. ಚರ್ಮದ ಮೇಲ್ಪದರ ಒಂದು ಕಡೆ, ಒಳಗಿನ ಎಲುಬು ಇನ್ನೊಂದು ಕಡೆ ಜಾರಿ ನಡುವಿನ ಪದರ ಹರಿದು ಅಲ್ಲಿ ನೀರು ತುಂಬುತ್ತದೆ. ಒದ್ದೆ ಚರ್ಮದಲ್ಲಿ ಇದು ಬೇಗ ಆಗುತ್ತದೆ, ಆದ್ದರಿಂದ ಎರಡು ಗಂಟೆಗೊಮ್ಮೆ ಶೂ ಬಿಚ್ಚಿ ಕಾಲು ಆರಿಸಿ ಒಣ ಕಾಲುಚೀಲ ಹಾಕಬೇಕು. ಹೊಸ ಶೂ ಹಾಕಿ ಹೊರಡುವುದು ಬೇಡ. ಹನ್ನೆರಡು ವಾರ ಜೊತೆಗಿದ್ದದ್ದೇ ಬರಲಿ. ಕೊಳ್ಳುವಾಗ ಸಂಜೆ ಹೊತ್ತು, ಪಾದ ಊದಿರುವಾಗ ಅಳತೆ ನೋಡಿ. ಬರಿಗಾಲಿನ ಹರಕೆಯಿದ್ದವರು ಅಂಗಾಲನ್ನು ವಾರಗಟ್ಟಲೆ ಮುಂಚಿನಿಂದ ದಿನಕ್ಕಿಷ್ಟು ಎಂದು ಹದ ಮಾಡಬೇಕು, ಮಧ್ಯಾಹ್ನದ ಡಾಂಬರಿನ ಮೇಲೆ ಕಾಲಿಡಲೇಬಾರದು. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಸ್ಪರ್ಶ ಮಂದವಾಗಿದ್ದರೆ ಗಾಯ ಗೊತ್ತೇ ಆಗುವುದಿಲ್ಲ. ಅವರು ಬರಿಗಾಲಲ್ಲಿ ನಡೆಯಬಾರದು, ಪ್ರತಿ ರಾತ್ರಿ ಅಂಗಾಲನ್ನು ಇನ್ನೊಬ್ಬರಿಗೆ ತೋರಿಸಬೇಕು, ಮಾತ್ರೆ-ಇನ್ಸುಲಿನ್ ಪ್ರಮಾಣವನ್ನು ಹೊರಡುವ ಮುಂಚೆ ವೈದ್ಯರ ಹತ್ತಿರ ಕೇಳಿಕೊಳ್ಳಬೇಕು. ದಿನವಿಡೀ ನಡೆದಾಗ ಸಕ್ಕರೆ ದಿಢೀರನೆ ಇಳಿಯಬಹುದು, ಜೇಬಿನಲ್ಲಿ ಬೆಲ್ಲದ ಚೂರು ಇರಲಿ.

ನೀರಿನ ಬಗ್ಗೆ ನಮ್ಮ ಬಯಲುಸೀಮೆಯವರು ಎಚ್ಚರ ಕಲಿಯಬೇಕು. ಇಲ್ಲಿಯ ಒಣಗಾಳಿಯಲ್ಲಿ ಬೆವರು ಬಂದದ್ದೇ ಆರಿ ಮೈ ತಂಪಾಗುತ್ತದೆ. ಘಾಟಿಯ ಕೆಳಗೆ ಗಾಳಿಯಲ್ಲೇ ತೇವ, ಬೆವರು ಇಳಿದು ಹೋಗುತ್ತದೆಯೇ ಹೊರತು ಆರುವುದಿಲ್ಲ, ಮೈಯ ಕಾವು ಇಳಿಯುವುದಿಲ್ಲ. ಹೊಸ ಹವೆಗೆ ಒಗ್ಗಲು ದೇಹಕ್ಕೆ ಹತ್ತು-ಹದಿನಾಲ್ಕು ದಿನ ಬೇಕು, ನಮಗೆ ಅಲ್ಲಿ ಸಿಗುವುದು ಒಂದೋ ಎರಡೋ. ಹಾಗಾಗಿ ಕಕ್ಕಿಂಜೆಯಿಂದ ಮುಂದೆ ನಡಿಗೆ ನಿಧಾನವಾಗಬೇಕು, ಹತ್ತು ಗಂಟೆಯ ಮೇಲೆ ನೆರಳು ಹಿಡಿಯಬೇಕು. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ತೆಳುವಾಗಿ ತಲೆಸುತ್ತು, ವಾಂತಿ ಬರುವುದುಂಟು. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸುಸ್ತಾದವರಿಗೆ ಇದು ಬಾಟಲಿಯ ಬಣ್ಣದ ನೀರಿಗಿಂತ ಮೇಲು. ದಾರಿಯಲ್ಲಿ ಕೊಡುವ ಉಪ್ಪು ಹಾಕಿದ ಮಜ್ಜಿಗೆಯಂತೂ ಬಡಿಸುವವರ ಅನುಭವದ ಜಾಣ್ಮೆ.

ರಸ್ತೆಯ ಅಪಾಯ ಇದೆಲ್ಲಕ್ಕಿಂತ ದೊಡ್ಡದು. ರಾತ್ರಿ ನಡೆಯುವವರ ಮೇಲೆ ವಾಹನ ಹರಿದ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ. ಎದುರಿಗೆ ಬರುವ ಗಾಡಿ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೊಬ್ಬರು ಸಾಲಾಗಿ, ಬೆಳಕಿಗೆ ಮಿಂಚುವ ಪಟ್ಟಿಯ ಜಾಕೆಟ್ ತೊಟ್ಟು ನಡೆಯಬೇಕು. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದಾಗಿತ್ತು. ಹಾಗಾಗಿ ತಿರುವುಗಳಲ್ಲಿ ಅಂಚು ಬಿಟ್ಟು ನಿಲ್ಲುವುದೂ ಮುಖ್ಯ. ಮೂಡಿಗೆರೆ ಕಡೆ ಆನೆಗಳ ಓಡಾಟವಿದೆ, ಕತ್ತಲಲ್ಲಿ ಒಬ್ಬಿಬ್ಬರೇ ಹೋಗುವುದು ಬೇಡ. ಟ್ರೇಲ್‌ವಾಕರ್ ತಂಡಗಳ ಕ್ರಮ ಇಲ್ಲಿ ನಮಗೂ ಒಪ್ಪುತ್ತದೆ. ನಾಲ್ವರೂ ಒಟ್ಟಿಗೇ ಸಾಗಬೇಕೆಂದ ಮೇಲೆ ನಿಧಾನ ನಡೆಯುವವರ ವೇಗವೇ ತಂಡದ ವೇಗ. ಇನ್ನು ಘಾಟಿಯ ಕಾಡು. ಲೋಟ, ತಟ್ಟೆ, ನೀರಿನ ಬಾಟಲಿ ಕಣಿವೆಗೆ ಎಸೆದು ಹೋಗುವವರ ಸಂಖ್ಯೆ ಕಡಿಮೆಯಿಲ್ಲ, ನೋಡಿದರೆ ಸಂಕಟವಾಗುತ್ತದೆ. ಸೊಂಟಕ್ಕೆ ಒಂದು ಸ್ಟೀಲ್ ಲೋಟ ಕಟ್ಟಿಕೊಂಡು ಹೊರಟರೆ ಮುಗಿಯಿತು. ನಮ್ಮ ಹಿರಿಯರು ಜಾತ್ರೆಗೆ ಹೋಗುತ್ತಿದ್ದುದೇ ಚೊಂಬು ಹಿಡಿದು.

ನೇತ್ರಾವತಿಯಲ್ಲಿ ಮಿಂದು, ದರ್ಶನ ಮಾಡಿ, ಅನ್ನಪೂರ್ಣ ಛತ್ರದಲ್ಲಿ ಉಂಡು ಬಸ್ಸು ಹತ್ತಿದವರಿಗೆ ಊರಲ್ಲಿ ಕಾದಿರುವುದು ಬಾಕಿ ಕೆಲಸ. ಬಂದ ಮರುದಿನವೇ ಗಂಡಸು ಗುದ್ದಲಿ ಹಿಡಿಯುವುದು, ಹೆಂಗಸು ವಾರದ ಬಟ್ಟೆಯ ರಾಶಿಗೆ ಕೂರುವುದು ನಮ್ಮಲ್ಲಿ ನಡೆದುಬಂದಿದೆ. ಎಲುಬು-ನಾರುಗಳ ದುರಸ್ತಿ ಆಗ ತಾನೇ ಶುರುವಾಗಿರುತ್ತದೆ, ಮೂರ್ನಾಲ್ಕು ದಿನ ಭಾರ ಎತ್ತಬಾರದು, ಹಗುರಾಗಿ ಓಡಾಡಿಕೊಂಡಿದ್ದರೆ ಸಾಕು. ಪಾದದ ಒಂದೇ ಬಿಂದುವಿನಲ್ಲಿ ಒತ್ತಿದರೆ ಚುಚ್ಚುವ ನೋವು ವಾರ ಕಳೆದರೂ ಇಳಿಯದಿದ್ದರೆ ಅದನ್ನು ಉಳುಕು ಎಂದು ತಿಕ್ಕಿಸಿಕೊಳ್ಳದೆ ಕಡೂರಿನ ಆಸ್ಪತ್ರೆಗೆ ಹೋಗಿ ತೋರಿಸಿ. ಅಡುಗೆಮನೆಯ ಸಭೆಯಲ್ಲಿ ಹಂಚಿಕೊಂಡ ಕೆಲಸಗಳ ಪಟ್ಟಿಯನ್ನು ಈ ವಾರಕ್ಕೂ ಮುಂದುವರಿಸಬೇಕು. ಹಾಗೆಯೇ ಮುಂದಿನ ವರ್ಷ ಯಾರು ನಡೆಯುತ್ತಾರೆ, ಯಾರು ಮನೆಯಲ್ಲಿ ಉಳಿದು ಹಾಲು ಕರೆಯುತ್ತಾರೆ ಎಂಬುದನ್ನು ಕೆಲಸ ಹಂಚಿಕೊಂಡ ನೆನಪು ಹಸಿಯಾಗಿರುವಾಗಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಈ ಸಲ ಮನೆ ನೋಡಿಕೊಂಡವರಿಗೂ ಒಂದು ಹರಕೆ ಇರಬಹುದು, ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ.